ದಾರದಕ್ಕನ ಇಪ್ಪತ್ತಮೂರು ವಸಂತ

ನಮ್ಮಕ್ಕನ ಬಗ್ಗೆ ಒಳ್ಳೆಯ ಮಾತು ಕೇಳಬೇಕು ಅಂದರೆ ಬೀದಿಯಲ್ಲಿ ಯಾರನ್ನಾದರೂ ಕೇಳಿ. ನನ್ನನ್ನು ಕೇಳಿದರೆ ಮೊದಲು ಬೈಗುಳವೇ ಬರುತ್ತದೆ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ಉಂಡು, ಒಂದೇ ಅಂಗಡಿಯಲ್ಲಿ ದುಡಿದವಳಿಗೆ ಅಷ್ಟೂ ಹಕ್ಕಿರಬೇಡವೇ? ಹಠಮಾರಿ. ಜಂಬಗಾತಿ. ಮೂಗಿನ ತುದಿಯಲ್ಲೇ ಕೋಪ. ಆದರೆ ಒಂದು ಮಾತನ್ನು ನಾನೂ ಒಪ್ಪುತ್ತೇನೆ: ಬಣ್ಣ ಗುರುತಿಸುವುದರಲ್ಲಿ ಅವಳ ಕಣ್ಣಿಗೆ ಸಾಟಿಯಾದ ಕಣ್ಣು ಈ ಊರಿನಲ್ಲಿ ಇನ್ನೊಂದಿರಲಿಲ್ಲ. ಹಾಗಂತ ಹೇಳುವಾಗ ಈಗ ನನ್ನ ನಾಲಿಗೆ ತಡವರಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಮ್ಮದು ಹೊಲಿಗೆ ಸಾಮಾನಿನ ಅಂಗಡಿ. ನಮ್ಮದು ಅಂದರೆ ಯಜಮಾನರದ್ದು, ನಾವು ಕೆಲಸದವರು. ಉದ್ದನೆಯ ಇಕ್ಕಟ್ಟು ಕೋಣೆ. ಬಾಗಿಲ ಹತ್ತಿರ ದಾರದ ಕೌಂಟರು, ಅದು ಅಕ್ಕನದು. ನಡುವೆ ಲೇಸು, ರಿಬ್ಬನ್ನು. ಕೊನೆಯಲ್ಲಿ, ಬಲ್ಬಿನ ಕೆಳಗೆ, ಗುಂಡಿ, ಹುಕ್ಕು, ಜಿಪ್ಪು, ಅದು ನನ್ನದು. ದಾರದ ಗೋಡೆಗೆ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಖಾನೆಗಳು, ಒಂದೊಂದರಲ್ಲೂ ಒಂದೊಂದು ಬಣ್ಣ, ಒಂದೊಂದಕ್ಕೂ ಒಂದು ನಂಬರು. ಬೇರೆ ಅಂಗಡಿಗಳಲ್ಲಿ ಗಿರಾಕಿ ಬಟ್ಟೆಯ ಚೂರು ಕೊಟ್ಟರೆ ನಂಬರಿನ ಪಟ್ಟಿ ತೆಗೆದು, ಅದರ ಮೇಲೆ ಇಟ್ಟು, ಇದಾ ಅದಾ ಅಂತ ಹತ್ತು ನಿಮಿಷ ತಲೆ ಕೆರೆದುಕೊಳ್ಳುತ್ತಾರೆ. ಅಕ್ಕ ಚೂರನ್ನು ಬಾಗಿಲ ಬೆಳಕಿಗೆ ಹಿಡಿದು ಒಂದೇ ಸಲ ನೋಡುತ್ತಿದ್ದಳು. ತಿರುಗಿ ಬಂದವಳ ಕೈ ನೇರವಾಗಿ ಆ ಖಾನೆಗೇ ಹೋಗುತ್ತಿತ್ತು.

"ನಂಬರ್ ನೋಡೋದು ಕಣ್ಣಿಲ್ಲದವರ ಕೆಲಸ," ಅನ್ನುತ್ತಿದ್ದಳು. ಅವಳ ಜಂಬಕ್ಕೆ ಅರ್ಥವಿತ್ತು. ಊರಿನ ಟೈಲರುಗಳೆಲ್ಲ ಅವಳನ್ನು ದಾರದಕ್ಕ ಅಂತಲೇ ಕರೆಯುತ್ತಿದ್ದರು. ಅವಳ ನಿಜವಾದ ಹೆಸರು ಯಜಮಾನರಿಗೂ ನೆನಪಿತ್ತೋ ಇಲ್ಲವೋ.

ಅವಳು ಮದುವೆಯಾಗಲಿಲ್ಲ. ಬಂದ ಗಂಡುಗಳಲ್ಲಿ ಒಬ್ಬ ಹಸಿರು ಪ್ಯಾಂಟಿಗೆ ಕಂದು ಕೋಟು ಹಾಕಿಕೊಂಡು ಬಂದಿದ್ದನಂತೆ, ಅದಕ್ಕೇ ಬೇಡ ಅಂದಳು ಅಂತ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ತಮಾಷೆಯೋ ನಿಜವೋ ಅವಳಿಗೇ ಗೊತ್ತು. ಅಂಗಡಿಯ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಎರಡು ಕೋಣೆಯ ಮನೆ ಮಾಡಿಕೊಂಡು ಒಬ್ಬಳೇ ಇದ್ದಳು. ನನ್ನ ಗಂಡ ತೀರಿಕೊಂಡಾಗ, ಇನ್ನೆಲ್ಲಿಗೆ ಹೋಗಲಿ ಅಂತ ನಾನು ಚೀಲ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದೆ. ಅಕ್ಕ ಮೇಲಿಂದ ಬಗ್ಗಿ ನೋಡಿ, "ಏನೇ ಅಲ್ಲೇ ಬೇರು ಬಿಡ್ತೀಯಾ? ಹತ್ತಿ ಬಾ," ಅಂದಳು. ಅಷ್ಟೇ. ಒಂದು ವಾರದೊಳಗೆ ಗುಂಡಿಯ ಕೌಂಟರಿನಲ್ಲಿ ಕೆಲಸ ಕೊಡಿಸಿದಳು. ಯಾವತ್ತೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ತಿರುಗಿ ಅಂದು ಹಗುರಾಗುತ್ತಿದ್ದೆ.

ಚಳಿ ಮುಗಿಯುವ ತನಕ ಅಕ್ಕ ಎಲ್ಲರ ಹಾಗೆ. ಎದುರಿನ ಮರದಲ್ಲಿ ಮೊದಲ ಮೊಗ್ಗು ಕಂಡಿತೋ, ಮುಗಿಯಿತು, ಆಸಾಮಿಯನ್ನು ಹಿಡಿಯುವವರಿಲ್ಲ. ನಮ್ಮ ಕಿಟಕಿಯ ಎದುರಿಗೇ ಒಂದು ಮರವಿದೆ. ಎಲೆ ಬರುವ ಮೊದಲೇ ಮೈತುಂಬ ತಿಳಿ ನೇರಳೆ ಬಣ್ಣದ ಹೂ ಬಿಡುತ್ತದೆ. ಅಕ್ಕ ಬೆಳಗ್ಗೆ ಆರಕ್ಕೇ ಇಳಿದು ಹೋಗಿ, ಬಿದ್ದ ಹೂವು, ಗೋಡೆ ಬಿರುಕಿನ ಚಿಗುರು, ಚರಂಡಿ ಪಕ್ಕ ಹಳದಿ ತಲೆ ಎತ್ತಿದ ಕಳೆ ಗಿಡ, ಹಕ್ಕಿ ಉದುರಿಸಿದ ಗರಿ, ಸಿಕ್ಕಿದ್ದೆಲ್ಲ ಬಾಚಿಕೊಂಡು ಬರುತ್ತಿದ್ದಳು. ಅಡುಗೆಮನೆ ನನ್ನದಲ್ಲ ಆಮೇಲೆ. ಒಂದು ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆ ಬೇಯುತ್ತಿದೆ, ಇನ್ನೊಂದರಲ್ಲಿ ಯಾವುದೋ ತೊಗಟೆ, ಬಾಗಿಲ ಚಿಲಕಕ್ಕೆ ಬಣ್ಣ ಹಾಕಿದ ದಾರದ ಲಡಿಗಳು. ಒಂದು ಸಲ ತೊಗಟೆಯ ಕಷಾಯವನ್ನು ಟೀ ಅಂತ ನಾನು ಕುಡಿದೇಬಿಟ್ಟಿದ್ದೆ. ಎರಡು ದಿನ ನನ್ನ ನಾಲಿಗೆ ಇಟ್ಟಿಗೆ ಬಣ್ಣ. "ತೋರಿಸು, ತೋರಿಸು, ಈ ಬಣ್ಣ ಬಟ್ಟೆ ಮೇಲೆ ಬರ್ತಾನೇ ಇಲ್ಲ," ಅಂತ ನನ್ನ ಬಾಯಿಯನ್ನೇ ಬೆಳಕಿಗೆ ತಿರುಗಿಸಿ ನೋಡಿದಳು, ಪುಣ್ಯಾತ್ಗಿತ್ತಿ. ಭಾನುವಾರ ಕೆಳಗಿನ ಮನೆಯ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ, ಎಲೆಯ ಮೇಲೆ ಕಾಗದ ಇಟ್ಟು ಬಣ್ಣದ ಕಡ್ಡಿ ಉಜ್ಜಿಸುತ್ತಿದ್ದಳು. ಎಲೆಯ ನರನರವೂ ಕಾಗದದ ಮೇಲೆ ಮೂಡಿದಾಗ ಮಕ್ಕಳಿಗಿಂತ ಅವಳೇ ಹೆಚ್ಚು ಕಿರುಚುತ್ತಿದ್ದಳು.

ಇದೆಲ್ಲ ಬದಿಯ ಆಟ. ನಿಜವಾದ ಕೆಲಸ ಅಂದರೆ ಆ ಬಟ್ಟೆ. ಬಿಳಿಯ ಹತ್ತಿ ಬಟ್ಟೆಯ ಉದ್ದ ಸುರುಳಿ, ವರ್ಷಕ್ಕೆ ಒಂದು ಮೊಳ, ಹೋದ ವರ್ಷಕ್ಕೆ ಇಪ್ಪತ್ತಮೂರು ಮೊಳ. ಆ ವರ್ಷದ ವಸಂತದಲ್ಲಿ ಕಂಡದ್ದನ್ನು ಆ ಒಂದು ಮೊಳದಲ್ಲಿ ಕಸೂತಿ ಹಾಕಬೇಕು. ಅದಕ್ಕೆ ಅವಳದೇ ಕಾನೂನು. ಹೂವು ಕಿಟಕಿಯ ಕಟ್ಟೆಯ ಮೇಲೆ, ಎದುರಿಗೇ ಇರಬೇಕು. ಬೆಳಗಿನ ಬೆಳಕಿನಲ್ಲಿ ದಾರವನ್ನು ಹೂವಿನ ಪಕ್ಕ ಇಟ್ಟು, ಎರಡೂ ಒಂದೇ ಅನ್ನಿಸಿದ ಮೇಲೇ ಸೂಜಿ ಚುಚ್ಚಬೇಕು. ಹೂವು ಬಾಡಿತೋ, ಕೆಲಸ ಅಲ್ಲಿಗೇ ನಿಂತಿತು. ಅರ್ಧ ಆಗಿದ್ದರೂ ಅರ್ಧವೇ. ನೆನಪಿನಿಂದ ಒಂದು ಹೊಲಿಗೆಯೂ ಇಲ್ಲ. "ನೋಡದೆ ಹೊಲಿದರೆ ಅದು ಸುಳ್ಳು," ಅನ್ನುತ್ತಿದ್ದಳು. ಹಾಗಾಗಿ ಆ ಬಟ್ಟೆಯ ತುಂಬ ಅರ್ಧ ಎಸಳಿನ ಹೂವುಗಳು, ತೊಟ್ಟಿಲ್ಲದ ಎಲೆಗಳು. ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಹತ್ತಿರ ಹೋಗಿ ಮೂಸಿ ನೋಡುತ್ತಾರೆ. ಸತ್ಯವಾಗಿ, ಮೂಸಿದ್ದನ್ನು ನಾನೇ ಕಂಡಿದ್ದೇನೆ. ಬಣ್ಣ ಅಷ್ಟು ಸರಿಯಾಗಿರುತ್ತಿತ್ತು.

ಅದನ್ನು ಮಾರಲಿಲ್ಲ, ಯಾರಿಗೂ ಕೊಡಲಿಲ್ಲ. ವರ್ಷಕ್ಕೊಮ್ಮೆ ಮಂಚದ ಮೇಲೆ ಪೂರ್ತಿ ಬಿಚ್ಚಿ ಹರಡಿ, "ನಾನು ಇಷ್ಟು ಬದುಕಿದ್ದೀನಿ ನೋಡು," ಅನ್ನುತ್ತಿದ್ದಳು. ನಮ್ಮಂಥವರಿಗೆ ಮಕ್ಕಳು, ಮೊಮ್ಮಕ್ಕಳು, ಇಲ್ಲಾ ಗಂಡನ ಫೋಟೋ. ಅವಳಿಗೆ ಇದು.

ಆರು ವರ್ಷದ ಹಿಂದೆ ಶುರುವಾಯಿತು. ಆ ವಸಂತದಲ್ಲಿ ಅಕ್ಕ ಬಿಳಿ ಹೂವೊಂದನ್ನು ಹೊಲಿದಳು. ನೋಡಿದರೆ ಬೆಣ್ಣೆ ಬಣ್ಣದ ದಾರ. ಏನೋ ಹೊಸ ಯೋಚನೆ ಇರಬೇಕು ಅಂದುಕೊಂಡೆ. "ಹೇಗಿದೆಯೇ?" ಅಂದಳು. "ತದ್ರೂಪ ಅಕ್ಕ," ಅಂದೆ. ಅವಳ ಕೆಲಸಕ್ಕೆ ತಪ್ಪು ಹೇಳಲು ನಾನ್ಯಾರು? ಚಿಕ್ಕಂದಿನಲ್ಲಿ ನಾನು ಬಳಿದ ಚಿತ್ರ ನೋಡಿ, "ಕಾಗೆಗೂ ಇದಕ್ಕಿಂತ ಚೆನ್ನಾಗಿ ಬಣ್ಣ ಗೊತ್ತು," ಅಂದಿದ್ದಳು. ಆ ಮಾತು ನನಗೆ ಐವತ್ತು ವರ್ಷವಾದರೂ ಹೊಟ್ಟೆಯಲ್ಲಿ ಕೂತಿತ್ತು.

ಆಮೇಲೆ ಒಂದು ದಿನ ಕೋಟು ಹೊಲಿಯುವ ಟೈಲರ್ ಒಬ್ಬರು ಬಂದರು. ತುಂಬ ಮರ್ಯಾದಸ್ಥ ಮನುಷ್ಯ. ಶಾಲೆಯೊಂದರ ನಲವತ್ತು ಕೋಟುಗಳಿಗೆ ಕಡುನೀಲಿ ದಾರ ಒಯ್ದಿದ್ದರು, ಮರುದಿನ ರೀಲು ಹಿಡಿದುಕೊಂಡು ವಾಪಸು ಬಂದರು.

"ದಾರದಕ್ಕ, ನನ್ನ ಕಣ್ಣೇ ಸರಿ ಇಲ್ವೋ ಏನೋ. ಸ್ವಲ್ಪ ನೋಡಿ ಹೇಳಿ," ಅಂದರು.

ಅಕ್ಕ ಬಟ್ಟೆಯನ್ನೂ ರೀಲನ್ನೂ ಬಾಗಿಲಿಗೆ ಒಯ್ದು ನೋಡಿದಳು. "ಇದರಲ್ಲಿ ನೋಡೋದೇನಿದೆ? ನೀಲಿ ಬಟ್ಟೆ, ನೀಲಿ ದಾರ."

ಆಗ ಪಕ್ಕದ ಕೌಂಟರಿನಿಂದ ಲೇಸಮ್ಮ ಬಾಯಿ ಹಾಕಿದಳು. ಲೇಸಿನ ಕೌಂಟರಿನವಳಾದ್ದರಿಂದ ಅವಳು ಲೇಸಮ್ಮ. ಅಕ್ಕನ ವಯಸ್ಸಿನವಳೇ, ಅಕ್ಕನಿಗಿದ್ದ ಒಬ್ಬಳೇ ಸ್ನೇಹಿತೆ. ಇಪ್ಪತ್ತು ವರ್ಷ ಇಬ್ಬರೂ ಮಧ್ಯಾಹ್ನದ ಡಬ್ಬಿ ಹಂಚಿಕೊಂಡು ಉಂಡವರು. ನಾನು ಬಂದ ಮೇಲೂ ಅವರಿಬ್ಬರ ಡಬ್ಬಿಯ ನಡುವೆ ನನಗೆ ಜಾಗವಿರಲಿಲ್ಲ.

"ಅಲ್ಲ ಕಣೇ, ಅದು ಕಪ್ಪು," ಅಂದಳು ಲೇಸಮ್ಮ.

"ಏನಂದೆ?"

"ಕಪ್ಪು ದಾರ ಕೊಟ್ಟಿದ್ದೀಯ. ಹೋದ ವಾರವೂ ಹೀಗೇ ಮಾಡಿದೆ, ನಾನೇ ಬದಲಾಯಿಸಿ ಕಳಿಸಿದೆ. ನಿನ್ನ ಕಣ್ಣಿಗೆ ಏನೋ ಆಗಿದೆ. ಒಂದು ಸಲ ಡಾಕ್ಟರಿಗೆ ತೋರಿಸೇ ಮಹಾತಾಯಿ."

ಅಂಗಡಿಯಲ್ಲಿ ಏಳೆಂಟು ಜನ ಗಿರಾಕಿಗಳು. ಅಕ್ಕನ ಮುಖ ಕೆಂಡವಾಯಿತು. "ಲೇಸು ಅಳೆಯೋದು ಬಿಟ್ಟರೆ ನಿನಗೇನು ಗೊತ್ತು? ನನಗೆ ಬಣ್ಣ ಹೇಳಿಕೊಡೋಕೆ ಬಂದ್ಲು," ಅಂದವಳೇ ನನ್ನ ಕಡೆ ತಿರುಗಿದಳು. "ಲೇ ಬಾಯಿಬಡುಕಿ, ಬಾ ಇಲ್ಲಿ. ನೀನೇ ಹೇಳು. ಇದು ಯಾವ ಬಣ್ಣ?"

ನಾನು ಬಾಗಿಲಿಗೆ ಹೋದೆ. ರೀಲು ಇದ್ದಿಲ ಹಾಗೆ ಕಪ್ಪಗಿತ್ತು. ಅದರಲ್ಲಿ ಅನುಮಾನಪಡುವುದು ಏನೂ ಇರಲಿಲ್ಲ.

"ನೀಲಿನೇ," ಅಂದೆ.

"ಕೇಳಿಸ್ತಾ?" ಅಂದಳು ಅಕ್ಕ, ಇಡೀ ಅಂಗಡಿಗೆ.

ಲೇಸಮ್ಮ ಅಕ್ಕನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಒಳ್ಳೇ ತಂಗಿ ಕಣಮ್ಮ ನೀನು," ಅಂದಳು. ಆಮೇಲೆ ಲೇಸು ಸುತ್ತುವುದಕ್ಕೆ ಶುರುಮಾಡಿದಳು. ಕೋಟಿನ ಟೈಲರ್ ನೆಲ ನೋಡುತ್ತ ಅದೇ ರೀಲು ತೆಗೆದುಕೊಂಡು ಹೊರಟರು. ನಾನು ಏನೋ ನೆಪ ಹೇಳಿ, ಸರಿಯಾದ ನೀಲಿ ರೀಲನ್ನು ಮುಷ್ಟಿಯಲ್ಲಿಟ್ಟುಕೊಂಡು ಅವರ ಹಿಂದೆ ಓಡಿದೆ. ಬೀದಿಯ ತಿರುವಿನಲ್ಲಿ ಕೊಟ್ಟೆ. "ಬಿಡಿಯಮ್ಮ, ನನಗೂ ಒಬ್ಬಳು ಅಕ್ಕ ಇದ್ದಾಳೆ," ಅಂದರು. ಆ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ನಾನು ಮಾಡಿದ್ದು ದೊಡ್ಡ ಪುಣ್ಯದ ಕೆಲಸ ಅಂತಲೇ ನಂಬಿಬಿಟ್ಟೆ.

ಮುಂದಿನ ತಿಂಗಳು ಲೇಸಮ್ಮ ಬೇರೆ ಅಂಗಡಿಗೆ ಹೋದಳು. ಹೋಗುವ ದಿನ ಅಕ್ಕ ಖಾನೆಗಳ ಧೂಳು ಒರೆಸುತ್ತ ನಿಂತಿದ್ದಳು, ತಿರುಗಲಿಲ್ಲ. "ಹೊಟ್ಟೆಕಿಚ್ಚು. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಳು," ಅಂತ ಮನೆಯಲ್ಲಿ ಅಂದಳು. ನಾನು ಹೂಂಗುಟ್ಟಿದೆ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಲೇಸಮ್ಮ ಸತ್ತಳು ಅಂತ ಯಾರೋ ಬಂದು ಹೇಳಿದರು. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಹೋಗೋಣವಾ ಅಂತ ನಾನೇ ಕೇಳಿದೆ. "ಅಷ್ಟು ಜನರ ಮುಂದೆ ನನ್ನ ಮಾನ ಕಳೆದವಳು," ಅಂದಳು. ಹೋಗಲಿಲ್ಲ.

ಅಂಗಡಿಯಲ್ಲಿ ಯಜಮಾನರು ನನ್ನನ್ನು ಒಳಗೆ ಕರೆದು, "ನಿಮ್ಮಕ್ಕನ್ನ ಬಿಡಿಸೋಕೆ ನನಗೆ ಮನಸ್ಸಿಲ್ಲ. ನೀವೇ ಹೇಗಾದರೂ ನೋಡಿಕೊಳ್ಳಿ," ಅಂದಿದ್ದರು. ನೋಡಿಕೊಂಡೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡೆ. ಲೇಸಿನ ಕೌಂಟರನ್ನೂ ನಾನೇ ವಹಿಸಿಕೊಂಡೆ, ಅವಳ ಪಕ್ಕದಲ್ಲೇ ಇರಬಹುದಲ್ಲ ಅಂತ. ಅಕ್ಕ ರೀಲು ಕೊಡುವಳು, ನಾನು ಚೀಲಕ್ಕೆ ಹಾಕಿಕೊಡುತ್ತೇನೆ ಅಂತ ಇಸಿದುಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬದಲಾಯಿಸುವೆ. ಗಿರಾಕಿಗಳಿಗೂ ಅಭ್ಯಾಸವಾಯಿತು. ಅಕ್ಕನಿಗೆ ಚೂರು ತೋರಿಸಿ, ಅವಳು ಹೊಗಳಿಸಿಕೊಂಡ ಮೇಲೆ, ನನ್ನ ಕಡೆ ಕಣ್ಣು ಹೊಡೆಯುತ್ತಿದ್ದರು. ಆರು ವರ್ಷ ಇಡೀ ಅಂಗಡಿ ಸೇರಿ ನಮ್ಮಕ್ಕನ ಕಣ್ಣಿಗೆ ಮಣ್ಣೆರಚಿದೆವು, ಅದೂ ಪ್ರೀತಿಯಿಂದ.

ಪ್ರೀತಿಯಿಂದ ಮಾತ್ರವಾ? ಇಷ್ಟು ಹೇಳಿದ ಮೇಲೆ ಅದೊಂದನ್ನು ಮುಚ್ಚಿಟ್ಟು ಏನು ಮಾಡಲಿ. ಅಕ್ಕನಿಗೆ ಕಾಣದ್ದು ನನಗೆ ಕಾಣುತ್ತದೆ ಅನ್ನುವುದು ನನಗೆ ಹಿತವಾಗಿತ್ತು. ಬಣ್ಣ ಗೊತ್ತಿಲ್ಲದ ಕಾಗೆ ಈಗ ದಾರದಕ್ಕನ ಗುಟ್ಟನ್ನು ಕಾಯುತ್ತಿತ್ತು. ಅವಳಿಲ್ಲದೆ ನಾನಿಲ್ಲ ಅಂತಿದ್ದದ್ದು, ನಾನಿಲ್ಲದೆ ಅವಳಿಲ್ಲ ಅಂತಾಯಿತು. ಆ ಹಿತವನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ.

ಅಂಗಡಿಯ ರೀಲು ಬದಲಾಯಿಸಬಹುದು. ಮನೆಯ ಬಟ್ಟೆಯನ್ನು ಏನು ಮಾಡುವುದು? ವಸಂತ ಬಂದಾಗೆಲ್ಲ ಅಕ್ಕ ಅದೇ ಹುಮ್ಮಸ್ಸಿನಲ್ಲಿ ಇಳಿದು ಹೋಗಿ ಹೂವು ತರುತ್ತಿದ್ದಳು, ಕಟ್ಟೆಯ ಮೇಲೆ ಇಡುತ್ತಿದ್ದಳು, ಪಕ್ಕದಲ್ಲಿ ದಾರ ಹಿಡಿಯುತ್ತಿದ್ದಳು. ನೇರಳೆ ಹೂವಿನ ಪಕ್ಕ ಬೂದಿ ಬಣ್ಣದ ದಾರ. "ನೋಡೇ, ಯಾವುದು ಹೂವು ಯಾವುದು ದಾರ ಅಂತ ಹೇಳೋಕಾಗುತ್ತಾ?" "ಆಗಲ್ಲ ಅಕ್ಕ." ಎಳೆ ಚಿಗುರಿಗೆ ಮಣ್ಣಿನ ಬಣ್ಣ. "ಸರಿಯಾಗಿದೆಯಾ?" "ಸರಿಯಾಗಿದೆ ಅಕ್ಕ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತಾದರೂ ಆಡಬಹುದಿತ್ತು, ಸ್ವಲ್ಪ ಮಬ್ಬಾಗಿದೆ ಅಂತಲೋ, ಇನ್ನೊಮ್ಮೆ ನೋಡು ಅಂತಲೋ. ಅಷ್ಟೂ ಆಡಲಿಲ್ಲ. ಕೋಟಿನ ಟೈಲರ ರೀಲಿಗೆ ಒಂದು ಸಲ ನೀಲಿ ಅಂದುಬಿಟ್ಟಿದ್ದೆನಲ್ಲ, ಈಗ ಬಾಯಿ ಬಿಟ್ಟರೆ ಬಣ್ಣಗೇಡು. ಲೇಸಮ್ಮ ಹೋದದ್ದು ನನ್ನಿಂದ ಅಂತ ಹೊರಗೆ ಬರುತ್ತದೆ. ಹೀಗೆ ಒಂದರ ಮೇಲೊಂದು ಐದು ಮೊಳ ಆಯಿತು, ಆರಾಯಿತು.

ಹೋದ ಚಳಿಗಾಲದಲ್ಲಿ ಅಕ್ಕ ಮೆಟ್ಟಿಲು ತಪ್ಪಿ ಬಿದ್ದಳು. ಎರಡು ವಾರದ ಮೇಲೆ ಮತ್ತೆ ಬಿದ್ದಳು. ಇನ್ನು ಸುಮ್ಮನಿದ್ದರೆ ಕಾಲು ಮುರಿದುಕೊಳ್ಳುತ್ತಾಳೆ ಅಂತ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹಾಕಿ ನೋಡಿ, "ಎರಡೂ ಕಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ. ಇದು ಇವತ್ತಿಂದಲ್ಲ, ಆರೇಳು ವರ್ಷದ್ದು. ಮನೇಲಿ ಯಾರೂ ಗಮನಿಸಲಿಲ್ವಾ?" ಅಂದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರ ನೋಡುತ್ತಿದ್ದೆ.

"ಪೊರೆ ಬಂದರೆ ಬಣ್ಣ ಬದಲಾಗುತ್ತಾ ಡಾಕ್ಟ್ರೇ?" ಅಂತ ಅಕ್ಕನೇ ಕೇಳಿದಳು. ಸುಮ್ಮನೆ ಕೇಳಿದ ಹಾಗಿತ್ತು.

"ಆಗುತ್ತೆ. ನೀಲಿ, ನೇರಳೆ ಮೊದಲು ಹೋಗುತ್ತೆ. ನಿಧಾನ ಆಗೋದರಿಂದ ತಮಗೆ ಗೊತ್ತಾಗಲ್ಲ, ಪಕ್ಕದವರಿಗೆ ಗೊತ್ತಾಗುತ್ತೆ."

"ನಮ್ಮ ಮನೇಲಿ ಹಾಗೇನಾಗಿಲ್ಲ ಬಿಡಿ," ಅಂದಳು ಅಕ್ಕ. "ನನ್ನ ತಂಗಿ ದಿನಾ ನೋಡ್ತಾಳೆ."

ಮೊದಲು ಬಲಗಣ್ಣು, ಎರಡು ತಿಂಗಳು ಬಿಟ್ಟು ಎಡಗಣ್ಣು ಅಂತ ತೀರ್ಮಾನವಾಯಿತು. ಬಲಗಣ್ಣಿನ ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದರು. ಕಪ್ಪು ಕನ್ನಡಕ ಹಾಕಿಸಿ ಮನೆಗೆ ಕರೆತಂದೆ. ಆಗ ವಸಂತ ಶುರುವಾಗಿ ಒಂದು ವಾರವಾಗಿತ್ತಷ್ಟೇ. ಮರದಲ್ಲಿ ಎಲೆಯೇ ಇರಲಿಲ್ಲ, ಬರೀ ಹೂವು.

ಅಕ್ಕ ಕಿಟಕಿಯ ಹತ್ತಿರ ಹೋಗಿ ಕನ್ನಡಕ ತೆಗೆದಳು.

"ಅಯ್ಯೋ," ಅಂದಳು. ಆಮೇಲೆ ನಕ್ಕಳು. ಅಷ್ಟು ಎಳೆಯ ನಗು ನಾನು ಅವಳ ಬಾಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು. "ಲೇ, ಬಾರೇ ಇಲ್ಲಿ! ಏನು ಬಣ್ಣವೇ ಇದು! ಈ ಸಲ ಮರಕ್ಕೆ ಏನಾಗಿದೆ ನೋಡೇ!" ಕೋಣೆಯೆಲ್ಲ ಓಡಾಡಿದಳು. ತಟ್ಟೆ ಎತ್ತಿ ನೋಡಿ, ಇಷ್ಟು ಬೆಳ್ಳಗಿದೆಯಾ ಅಂದಳು. ನನ್ನ ತೋಳು ಹಿಡಿದು, "ಈ ಅಂಗಿ ನೀಲಿನಾ? ನಾನು ಯಾವತ್ತೂ ಬೂದಿ ಅಂದ್ಕೊಂಡಿದ್ದೆ," ಅಂದಳು. ನಾನೂ ನಕ್ಕೆ. ಒಂದು ಹತ್ತು ನಿಮಿಷ, ದೇವರಾಣೆ, ನಾನೂ ಖುಷಿಯಾಗಿದ್ದೆ. ಎಂಥ ದಡ್ಡಿ ನಾನು. ಬಟ್ಟೆಯನ್ನು ಎಲ್ಲಾದರೂ ಬಚ್ಚಿಡಬೇಕು ಅಂತ ಹೊಳೆಯಲೇ ಇಲ್ಲ.

"ಬಟ್ಟೆ ತಗೊಂಡು ಬಾ," ಅಂದಳು. "ಈ ಬಣ್ಣದ ಪಕ್ಕ ಹೋದ ವರ್ಷದ್ದು ಇಟ್ಟು ನೋಡಬೇಕು."

"ನಾಳೆ ನೋಡಿದರಾಯ್ತು ಅಕ್ಕ. ಬಗ್ಗಬೇಡಿ ಅಂದಿದ್ದಾರೆ ಡಾಕ್ಟ್ರು."

"ಬಗ್ಗೋದು ನೀನು. ಪೆಟ್ಟಿಗೆ ಎಳಿ."

ಎಳೆದೆ. ಅವಳೇ ಸುರುಳಿ ಬಿಚ್ಚಿದಳು. ಸುತ್ತಿದ ಸುರುಳಿಯಲ್ಲಿ ಹೊಸದು ಮೇಲಿರುತ್ತದೆ, ಮೊದಲು ಬಿಚ್ಚಿಕೊಂಡದ್ದೇ ಹೋದ ವರ್ಷದ ಮೊಳ. ಬೂದಿ ಬಣ್ಣದ ಮರ, ಬೂದಿ ಬಣ್ಣದ ಹೂವು, ಮಣ್ಣಿನ ಬಣ್ಣದ ಚಿಗುರು. ಹೊಲಿಗೆ ಮಾತ್ರ ಒಂದೊಂದೂ ಅಚ್ಚುಕಟ್ಟು. ಅಕ್ಕ ಇನ್ನೊಂದು ಮೊಳ ಬಿಚ್ಚಿದಳು. ಇನ್ನೊಂದು. ಆರು ಮೊಳ ದಾಟಿ ಹಳೆಯ ವಸಂತ ಬಂದಾಗ ಹಸಿರು, ಹಳದಿ, ನೇರಳೆ ಎಲ್ಲ ಒಮ್ಮೆಗೇ ಎದ್ದು ನಿಂತವು. ಅಲ್ಲಿ ಬೆರಳಿಟ್ಟಳು.

"ಇಲ್ಲಿಂದ," ಅಂದಳು.

ನಾನು ಏನು ಹೇಳಿದೆ ಗೊತ್ತಾ? ಆಗಲೂ ಸುಳ್ಳೇ ಹೇಳಿದೆ. "ದಾರದ ಬಣ್ಣ ಬಿಟ್ಟಿರಬೇಕು ಅಕ್ಕ. ಈಗಿನ ದಾರ ಸರಿ ಇಲ್ಲ."

ಅವಳು ನನ್ನ ಮುಖ ನೋಡಿದಳು. ಹೊಸ ಕಣ್ಣಿನಿಂದ ಮೊದಲ ಸಲ ಸರಿಯಾಗಿ ನೋಡಿದ್ದು ಅದೇ ಇರಬೇಕು.

"ಕೋಟಿನ ಟೈಲರಿಗೆ ಅವತ್ತು ಕೊಟ್ಟ ದಾರ ಯಾವ ಬಣ್ಣ?"

ನಾನು ಬಟ್ಟೆಯ ತುದಿ ಮಡಚತೊಡಗಿದೆ.

"ನಿನ್ನನ್ನೇ ಕೇಳ್ತಿರೋದು."

"ಕಪ್ಪು," ಅಂದೆ.

"ನಿನಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಜಮಾನರಿಗೆ?"

"ಗೊತ್ತಿತ್ತು ಅಕ್ಕ. ಎಲ್ಲರಿಗೂ ಗೊತ್ತಿತ್ತು. ನಿನಗೆ ನೋವಾಗುತ್ತೆ ಅಂತ..."

ಅವಳು ಕೈ ಎತ್ತಿ ನಿಲ್ಲಿಸಿದಳು. ಮಂಚದ ಮೇಲೆ ಬಟ್ಟೆಯ ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ, ಜುಟ್ಟು ಹಿಡಿದು ಹೊರಗೆ ತಳ್ಳಿದ್ದರೆ, ಎಷ್ಟೋ ವಾಸಿಯಿತ್ತು.

"ಅವಳು ಸತ್ತಾಗ ನಾನು ಹೋಗಲಿಲ್ಲ," ಅಂದಳು. "ಹೊಟ್ಟೆಕಿಚ್ಚು ಅಂದೆ."

ನಾನು ಅತ್ತೆ, ಕಾಲು ಹಿಡಿದೆ, ಸಮಜಾಯಿಷಿ ಹೇಳಿದೆ. ಆಮೇಲೆ ಗಂಜಿ ಮಾಡಿಕೊಟ್ಟೆ, ಕುಡಿದಳು. ಕಣ್ಣಿಗೆ ಹನಿ ಹಾಕುವಾಗ ಎಂದಿನ ಹಾಗೆ ಮುಖ ಎತ್ತಿದಳು.

ಒಂದು ವಾರದ ಮೇಲೆ ಧೈರ್ಯ ಮಾಡಿ, "ಆರು ಮೊಳವನ್ನೂ ಬಿಚ್ಚಿ ಮತ್ತೆ ಹೊಲಿ ಅಕ್ಕ, ನಾನು ದಾರ ತಂದುಕೊಡ್ತೀನಿ," ಅಂದೆ. "ಏನು ನೋಡಿಕೊಂಡು ಹೊಲೀಲಿ?" ಅಂದಳು. "ಆ ವರ್ಷದ ಹೂವು ಈಗ ಎಲ್ಲಿದೆ? ಆರು ವಸಂತ ನಾನು ನೋಡೇ ಇಲ್ಲ ಕಣೇ. ಇದೆ ಅಂದ್ಕೊಂಡು ಓಡಾಡಿದೆ."

ಒಂದೇ ಒಂದು ದಿನ ಅಂಗಡಿಗೆ ಬಂದಳು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತು, "ಬನ್ನಿ ದಾರದಕ್ಕ, ಈಗ ನಮಗೆಲ್ಲ ಧೈರ್ಯ ಬಂತು," ಅಂದರು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಯಜಮಾನರ ಹತ್ತಿರ ಕೆಲಸ ಬಿಡುತ್ತೇನೆ ಅಂತ ಹೇಳಿ ಹೊರಟುಬಿಟ್ಟಳು. ಯಜಮಾನರು ಬೇಡ ಅನ್ನಲಿಲ್ಲ, ಅದೂ ಅವಳಿಗೆ ಕಂಡಿರಬೇಕು.

ಆಮೇಲೆ ಶುರುವಾದದ್ದನ್ನು ನೋಡಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಅಕ್ಕ ಕಿಟಕಿಯ ಹತ್ತಿರ ಕೂತಿದ್ದಾಳೆ, ಬಲಗಣ್ಣಿನ ಮೇಲೆ ದಪ್ಪ ಬಟ್ಟೆ ಕಟ್ಟಿಕೊಂಡಿದ್ದಾಳೆ. ಆಪರೇಷನ್ ಆದ ಕಣ್ಣು! ತೊಡೆಯ ಮೇಲೆ ಆರು ಮೊಳ ಬಟ್ಟೆ.

"ಏನಾಯ್ತು ಅಕ್ಕ? ಕಣ್ಣು ನೋವಾ?"

"ಇಲ್ಲ," ಅಂದಳು. "ಈ ಎಡಗಣ್ಣಲ್ಲಿ ನೋಡಿದರೆ ಎಲ್ಲ ಸರಿಯಾಗಿದೆ ನೋಡು. ಮರಾನೂ ಅದೇ ಬಣ್ಣ, ಬಟ್ಟೇನೂ ಅದೇ ಬಣ್ಣ."

ದಿನವೂ ಅದೇ. ಎದುರಿಗೆ ಮರ ಬಣ್ಣ ಸುರಿಯುತ್ತಿದೆ, ಇವಳು ನೆಟ್ಟಗಿರುವ ಕಣ್ಣನ್ನು ಕಟ್ಟಿಕೊಂಡು ಕೆಟ್ಟ ಕಣ್ಣಿನಿಂದ ಅದನ್ನು ನೋಡುತ್ತಿದ್ದಾಳೆ. ಸೂಜಿ ಮುಟ್ಟಲಿಲ್ಲ. ಕೆಳಗಿನ ಮಕ್ಕಳು ಎಲೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರೆ, ಆಮೇಲೆ ಬನ್ನಿ ಅಂದು ಕಳಿಸಿದಳು. ಈ ವರ್ಷದ ಮೊಳ ಬರಿದಾಗಿಯೇ ಇದೆ. ಹೂವೆಲ್ಲ ಉದುರಿತು, ಎಲೆ ಬಂತು, ಎಲೆ ಬಲಿತು ದಪ್ಪವಾಯಿತು. ಎಡಗಣ್ಣಿನ ಆಪರೇಷನ್ನಿಗೆ ಕೊಟ್ಟ ದಿನವೂ ಬಂತು. ಅಕ್ಕ ಏಳಲಿಲ್ಲ. ಇನ್ನೊಂದು ದಿನ ಕೊಟ್ಟರು, ಅವತ್ತೂ ಹೋಗಲಿಲ್ಲ. ಆಸ್ಪತ್ರೆಯಿಂದ ಫೋನ್ ಮಾಡಿ, ಇನ್ನೂ ತಡಮಾಡಿದರೆ ಆ ಕಣ್ಣು ಪೂರ್ತಿ ಮುಚ್ಚಿಹೋಗುತ್ತೆ, ಆಮೇಲೆ ಕಷ್ಟ ಅಂದರು.

ನಿನ್ನೆ ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. ಬೈಯೋಣ ಅಂತಲೇ ಕೂತದ್ದು. ಮುಖದ ಆ ಪಟ್ಟಿ ನೋಡಿ ಬೈಗುಳ ಬಾಯಿಗೇ ಬರಲಿಲ್ಲ.

"ಅಕ್ಕ, ತಪ್ಪಾಯ್ತು. ಎಷ್ಟು ಸಲ ಬೇಕಾದರೂ ಹೇಳ್ತೀನಿ, ತಪ್ಪಾಯ್ತು," ಅಂದೆ. "ನನ್ನ ಮೇಲಿನ ಸಿಟ್ಟಿಗೆ ಕಣ್ಣು ಯಾಕೆ ಕಳ್ಕೋತೀಯ? ನಾಳೆ ಹೋಗೋಣ. ನೀನು ಮತ್ತೆ ಹೊಲಿ. ಇನ್ನು ಮೇಲೆ ಒಂದು ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು, ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಅಕ್ಕ ಕೈ ಚಾಚಿ ನನ್ನ ತಲೆಯನ್ನು ಹುಡುಕಿ ಸವರಿದಳು. ಸಿಟ್ಟಿರಲಿಲ್ಲ ಆ ಕೈಯಲ್ಲಿ. ಸಿಟ್ಟಿದ್ದಿದ್ದರೆ ನಾನು ಇವತ್ತು ನಿದ್ದೆ ಮಾಡುತ್ತಿದ್ದೆ.

"ಆಪರೇಷನ್ ಆದರೆ ನನಗೇ ಎಲ್ಲ ಕಾಣುತ್ತಲ್ಲೇ ಹುಚ್ಚಿ," ಅಂದಳು. "ಆಗ ನೀನು ನಿಜ ಹೇಳಿ ಏನಾಗಬೇಕು? ಕಾಣದೇ ಇದ್ದಾಗ ಬೇಕಿತ್ತು."